ಯೂಮಾವನ್ನು ಯಾವ ಊರಿನ ಪಕ್ಕ ಇಟ್ಟು ನೋಡಬೇಕು?

ಅಮೆರಿಕದ ಮಹಾನಗರ ಪ್ರದೇಶಗಳ ನಿರುದ್ಯೋಗ ದರದ ಪಟ್ಟಿ ತಿಂಗಳು ತಿಂಗಳೂ ಬರುತ್ತದೆ. ಬಹಳ ವರ್ಷಗಳಿಂದ ಅದರ ತಳದಲ್ಲಿ, ಅಂದರೆ ಅತಿ ಹೆಚ್ಚು ದರವಿರುವ ಕಡೆ, ಎರಡು ಹೆಸರು ಖಾಯಂ: ಅರಿಜೋನಾದ ಯೂಮಾ, ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊ. ದೇಶದ ದರ ಶೇಕಡಾ ನಾಲ್ಕರ ಆಸುಪಾಸಿನಲ್ಲಿದ್ದಾಗಲೂ ಇಲ್ಲಿ ಎರಡಂಕಿ. ಯೂಮಾದ ದರವನ್ನು ಅರಿಜೋನಾದ ರಾಜಧಾನಿ ಫೀನಿಕ್ಸ್ ಜೊತೆ ಇಟ್ಟು ನೋಡಿ, ‘ಯೂಮಾದಲ್ಲಿ ಕೆಲಸವೇ ಇಲ್ಲ’ ಎಂದುಬಿಡುವವರು ಜಾಸ್ತಿ.

ಎರಡೂ ಒಂದೇ ರಾಜ್ಯದಲ್ಲಿವೆ, ನಿಜ. ಆದರೆ ಹೋಲಿಸಲು ಅಷ್ಟು ಸಾಕಾ? ನಾನು ಮೊದಲು ಕೇಳುವುದು, ಆ ಊರಿನವರಿಗೆ ಯಾವ ಕೆಲಸ, ಯಾವ ತಿಂಗಳಲ್ಲಿ ಎಂದು. ಯೂಮಾದಲ್ಲಿ ಚಳಿಗಾಲವೆಲ್ಲ ಲೆಟ್ಯೂಸ್ ಸೊಪ್ಪಿನ ಕೊಯ್ಲು. ಬೇಸಿಗೆಯ ಬಿಸಿಲಿಗೆ ಹೊಲ ಖಾಲಿ, ದರ ಏರುತ್ತದೆ. ಎಲ್ ಸೆಂಟ್ರೊ ಕಥೆಯೂ ಹೆಚ್ಚುಕಡಿಮೆ ಅದೇ. ಅದೇ ಕೊಲೊರಾಡೊ ನದಿಯ ನೀರು, ಅದೇ ಮೆಕ್ಸಿಕೊ ಗಡಿ, ಎರಡು ಲಕ್ಷದ ಆಸುಪಾಸಿನ ಜನ.

ಕ್ಯಾಲಿಫೋರ್ನಿಯಾದ ಸಲಿನಾಸ್ ಕೂಡ ಲೆಟ್ಯೂಸ್ ಊರೇ, ಆದರೆ ಕೊಯ್ಲು ಬೇಸಿಗೆಯಲ್ಲಿ. ನವೆಂಬರ್ ಬಂತೆಂದರೆ ಸೊಪ್ಪು ತೊಳೆದು ಪ್ಯಾಕ್ ಮಾಡುವ ಯಂತ್ರಗಳನ್ನೇ ಬಿಚ್ಚಿ, ಲಾರಿಗೆ ಹೇರಿ ಯೂಮಾಕ್ಕೆ ಸಾಗಿಸುತ್ತಾರೆ. ಕೆಲಸಗಾರರಲ್ಲೂ ಎಷ್ಟೋ ಮಂದಿ ಅದರ ಹಿಂದೆಯೇ ಹೊರಡುತ್ತಾರೆ. ಹಾಗಾಗಿ ಜನವರಿಯಲ್ಲಿ ಸಲಿನಾಸ್ ದರ ಏರಿರುತ್ತದೆ, ಆಗಸ್ಟ್‌ನಲ್ಲಿ ಯೂಮಾದ್ದು. ತಿಂಗಳ ಪಟ್ಟಿಯಲ್ಲಿ ಈ ಋತುವಿನ ಏರಿಳಿತವನ್ನು ತೆಗೆದಿರುವುದಿಲ್ಲ. ಊರು ಊರಿಗೆ ಹೋಲಿಸುವಾಗ ನಾನು ವರ್ಷದ ಸರಾಸರಿ ನೋಡುತ್ತೇನೆ, ಒಂದೇ ಊರಾದರೆ ಹಿಂದಿನ ವರ್ಷದ ಅದೇ ತಿಂಗಳು.

ಗಡಿಯದ್ದು ಇನ್ನೊಂದು ತೊಡಕು. ನಿರುದ್ಯೋಗಿಗಳನ್ನು ಲೆಕ್ಕ ಹಾಕುವುದು ವಾಸದ ಊರಿನಲ್ಲಿ. ಸ್ಯಾನ್ ಲೂಯಿಸ್ ರಿಯೊ ಕೊಲೊರಾಡೊದಿಂದ ನಸುಕಿನಲ್ಲೇ ಗಡಿ ದಾಟಿ ಬಂದು ಯೂಮಾದಲ್ಲಿ ಕೊಯ್ಲು ಮಾಡುವವರ ಮನೆ ಇರುವುದು ಮೆಕ್ಸಿಕೊದಲ್ಲಿ. ಹೊಲದಲ್ಲಿ ಕೆಲಸ ಹೆಚ್ಚಿದರೂ ಯೂಮಾದ ದರ ಅಷ್ಟೇ ಇಳಿಯಬೇಕೆಂದಿಲ್ಲ. ಫೀನಿಕ್ಸ್‌ಗೆ ಈ ತಾಪತ್ರಯವಿಲ್ಲ.

ದರದಲ್ಲಿ ಶೇಕಡಾ 0.2, 0.3 ಅಂಶದ ವ್ಯತ್ಯಾಸಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಿರುದ್ಯೋಗ ಲೆಕ್ಕ ಹಾಕುವ ಮನೆ ಮನೆ ಸಮೀಕ್ಷೆಗೆ ತಿಂಗಳಿಗೆ ಆರಿಸುವುದು ಇಡೀ ದೇಶದಲ್ಲಿ ಸುಮಾರು 60,000 ಮನೆಗಳನ್ನು. ಅದರಲ್ಲಿ ಯೂಮಾದಂಥ ಊರಿನ ಪಾಲು ತೀರಾ ಸಣ್ಣದು. ಅದಕ್ಕೇ ನಿರುದ್ಯೋಗ ಭತ್ಯೆಯ ಅರ್ಜಿಗಳಂಥ ದಾಖಲೆಗಳನ್ನೂ ಸೇರಿಸಿ ದರವನ್ನು ಅಂದಾಜು ಮಾಡುತ್ತಾರೆ. ವರ್ಷ ಕಳೆದ ಮೇಲೆ ಆ ಅಂದಾಜೂ ಪರಿಷ್ಕರಣೆಯಲ್ಲಿ ಬದಲಾಗುತ್ತದೆ.