ಬೆಳ್ಳಿ ಅಸಲಿಯಾದರೆ ನಾಣ್ಯವೂ ಅಸಲಿಯೇ?

ಓದುಗರ ಪ್ರಶ್ನೆ: ನನ್ನ ಹತ್ತಿರ ಒಂದು ರೋಮನ್ ಬೆಳ್ಳಿ ನಾಣ್ಯ ಇದೆ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಕೋಲು ಹಿಡಿದು ಕೂತಿರುವ ಹೆಂಗಸು. ಪುರುಸೊತ್ತು ಮಾಡಿಕೊಂಡು ಅಕ್ಕಸಾಲಿಗರ ಹತ್ತಿರ ತೋರಿಸಿದೆ. ಒರೆಗಲ್ಲಿಗೆ ತಿಕ್ಕಿ ನೋಡಿ, ಒಳ್ಳೇ ಬೆಳ್ಳಿ ಅಂದರು. ಹಾಗಾದರೆ ಇದು ಅಸಲಿ ತಾನೇ?

ಉತ್ತರ: ಒರೆಗಲ್ಲಿನಿಂದ ಅದು ಗೊತ್ತಾಗುವುದಿಲ್ಲ.

ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಊರು ಬೇರೆ, ನಾಣ್ಯ ಬೇರೆ, ಕೊನೆಗೆ ಬರುವ ವಾಕ್ಯ ಮಾತ್ರ ಅದೇ: "ಬೆಳ್ಳಿ ಅಂತ ಖಾತ್ರಿಯಾಯ್ತಲ್ಲ ಸಾರ್, ಮತ್ತೇನು?" ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ನಿಧಾನವಾಗಿ ಓದಿ.

ನೀವು ಹೇಳಿದ ಗುರುತು ನೋಡಿದರೆ ಅದು ಟೈಬೀರಿಯಸ್ ಚಕ್ರವರ್ತಿಯ ಡೆನಾರಿಯಸ್ ಎಂಬ ಬೆಳ್ಳಿ ನಾಣ್ಯದ ಮಾದರಿ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆ ಹೆಂಗಸು ಅವನ ತಾಯಿ ಲಿವಿಯಾ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೈಬಲ್ಲಿನಲ್ಲಿ ತೆರಿಗೆಯ ಪ್ರಶ್ನೆ ಬಂದಾಗ ಯೇಸು ತರಿಸಿ ನೋಡಿದ ನಾಣ್ಯ ಇದೇ ಎಂಬ ನಂಬಿಕೆ ಇದೆ. ಹೀಗಾಗಿ ಜಗತ್ತಿನ ಎಲ್ಲ ಕಡೆ ಇದಕ್ಕೆ ಗಿರಾಕಿಗಳಿದ್ದಾರೆ. ಗಿರಾಕಿ ಇದ್ದಲ್ಲಿ ನಕಲಿ ಮಾಡುವವರೂ ಇರುತ್ತಾರೆ. ರೋಮನ್ ಬೆಳ್ಳಿಯಲ್ಲಿ ಜಾಸ್ತಿ ನಕಲಾಗುವ ಮಾದರಿಗಳಲ್ಲಿ ಇದೂ ಒಂದು.

ಈಗ ಒರೆಗಲ್ಲಿನ ವಿಷಯಕ್ಕೆ ಬರೋಣ. ಟೈಬೀರಿಯಸ್ಸಿನ ಒಂದು ಡೆನಾರಿಯಸ್ ತೂಗುವುದು ಸುಮಾರು 3.7 ಗ್ರಾಂ. ಅಷ್ಟು ಬೆಳ್ಳಿಗೆ ಅಂಗಡಿಯಲ್ಲಿ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು. ಅಸಲಿ ನಾಣ್ಯದ ಬೆಲೆ ಅದರ ಎಷ್ಟೋ ಪಟ್ಟು. ನಕಲಿ ಮಾಡುವವನು ಬೆಳ್ಳಿಯಲ್ಲಿ ಯಾಕೆ ಜಿಪುಣತನ ಮಾಡುತ್ತಾನೆ? ಅವನು ಒಳ್ಳೇ ಬೆಳ್ಳಿಯನ್ನೇ ಹಾಕುತ್ತಾನೆ. ಇತ್ತೀಚಿನ ದಶಕಗಳಲ್ಲಿ ಬಲ್ಗೇರಿಯಾದಿಂದ ಬಂದ ಒಳ್ಳೇ ನಕಲಿಗಳೂ ಬೆಳ್ಳಿಯವೇ. ಒರೆಗಲ್ಲು ಅವನ್ನೆಲ್ಲ ಪಾಸು ಮಾಡುತ್ತದೆ. ಅದರ ಕೆಲಸ ಲೋಹ ಹೇಳುವುದು. ಕಾಲ ಹೇಳುವುದು ಅದರ ಕೈಲಿ ಆಗುವುದಿಲ್ಲ.

"ಹಳೇ ಬೆಳ್ಳಿ ಅಂತ ಅವರಿಗೆ ಗೊತ್ತಾಗುತ್ತೆ" ಅನ್ನುವವರೂ ಇದ್ದಾರೆ. ಅವರಿಗೆ ಕಾರ್ಲ್ ವಿಲ್ಹೆಲ್ಮ್ ಬೆಕರ್ ಕಥೆ ಹೇಳಬೇಕು. ಜರ್ಮನಿಯವನು, 1772ರಲ್ಲಿ ಹುಟ್ಟಿ 1830ರಲ್ಲಿ ತೀರಿಕೊಂಡವನು. ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ತಾನೇ ಕೈಯಾರೆ ಕೆತ್ತಿದ. ಸವೆದುಹೋಗಿ ಬೆಲೆಯಿಲ್ಲದ ಅಸಲಿ ಪ್ರಾಚೀನ ನಾಣ್ಯಗಳನ್ನು ತಂದು, ಅವುಗಳ ಮೇಲೇ ತನ್ನ ಅಚ್ಚು ಹೊಡೆಯುತ್ತಿದ್ದ. ಆಮೇಲೆ ಅವನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಡಬ್ಬಿಯಲ್ಲಿ ಹಾಕಿ ಗಾಡಿಗೆ ಕಟ್ಟಿ ಓಡಿಸುತ್ತಿದ್ದ, ಹೊಸ ಹೊಳಪು ಹೋಗಲಿ ಅಂತ. ಅವನ ಅಚ್ಚುಗಳು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಯೋಚನೆ ಮಾಡಿ. ಲೋಹ ಎರಡು ಸಾವಿರ ವರ್ಷ ಹಳೆಯದು, ನಾಣ್ಯ ಹತ್ತೊಂಬತ್ತನೇ ಶತಮಾನದ್ದು. ಯಾವ ಕಲ್ಲಿಗೆ ತಿಕ್ಕಿ ಇದನ್ನು ಹಿಡಿಯುತ್ತೀರಿ?

ಇದರ ತಿರುವುಮುರುವು ಇನ್ನೂ ನೋವಿನದು. ಅಸಲಿ ರೋಮನ್ ನಾಣ್ಯವೇ ಒರೆಗಲ್ಲಿನಲ್ಲಿ ಫೇಲಾಗಬಹುದು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ತೂಕ ಇಳಿಸಿ ಬೆಳ್ಳಿಗೆ ತಾಮ್ರ ಬೆರೆಸಿದ. ಸೆಪ್ಟಿಮಿಯಸ್ ಸೆವೆರಸ್ ಕಾಲಕ್ಕೆ ಡೆನಾರಿಯಸ್‌ನಲ್ಲಿ ಬೆಳ್ಳಿ ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿತ್ತು. 215ರಲ್ಲಿ ಕ್ಯಾರಕಲ್ಲಾ ಆಂಟೋನಿನಿಯಾನಸ್ ಎಂಬ ಹೊಸ ನಾಣ್ಯ ತಂದ. ಗ್ಯಾಲಿಯೆನಸ್ 268ರಲ್ಲಿ ಸಾಯುವ ಹೊತ್ತಿಗೆ ಅದರಲ್ಲಿ ಉಳಿದದ್ದು ನೂರಕ್ಕೆ ಐದು ಪಾಲಿಗಿಂತ ಕಡಿಮೆ ಬೆಳ್ಳಿ. ಮೇಲೊಂದು ತೆಳು ಬಿಳುಪು, ಒಳಗೆಲ್ಲ ತಾಮ್ರ. ಇಂಥ ನಾಣ್ಯವನ್ನು ಯಾರೋ "ಬೆಳ್ಳಿ ಅಲ್ಲ, ಡೂಪ್ಲಿಕೇಟು" ಅಂದರೆಂದು ಮಕ್ಕಳ ಕೈಗೆ ಆಟಕ್ಕೆ ಕೊಟ್ಟವರ ಪತ್ರ ಓದಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮೂರನೆಯದೂ ಒಂದಿದೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಸುತ್ತಿ ಅಚ್ಚು ಹೊಡೆದ ನಾಣ್ಯಗಳು. ಇವನ್ನು ಸಂಗ್ರಹಕಾರರು ಫೂರೇ ಅನ್ನುತ್ತಾರೆ. ಹೆಚ್ಚಿನವು ರೋಮನರ ಕಾಲದ ಕಳ್ಳನಾಣ್ಯಗಳು. ಅಂದರೆ ನಕಲಿ ಹೌದು, ಪ್ರಾಚೀನವೂ ಹೌದು. ಮೇಲೆ ತಿಕ್ಕಿದರೆ ಬೆಳ್ಳಿ, ಆಳಕ್ಕೆ ಕೊರೆದರೆ ತಾಮ್ರ. ಸಂಗ್ರಹಕ್ಕೆ ಇವೂ ಯೋಗ್ಯ. ನಾನಂತೂ ಇಷ್ಟಪಡುತ್ತೇನೆ.

ದೊಡ್ಡ ಅಂಗಡಿಗಳಲ್ಲಿ ಈಗ ಎಕ್ಸ್-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಇದೆ, ಅದರ ಚೀಟಿಯ ಫೋಟೋ ಕಳಿಸುವವರಿದ್ದಾರೆ. ಆ ಯಂತ್ರ ಓದುವುದು ಮೇಲ್ಮೈಯನ್ನು ಮಾತ್ರ. ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಪದರದಿಂದ ತಾಮ್ರ ಕರಗಿಹೋಗಿ, ಒಳಗಿರುವುದಕ್ಕಿಂತ ಜಾಸ್ತಿ ಬೆಳ್ಳಿ ತೋರಿಸುತ್ತದೆ. ಇನ್ನೊಂದು ಮುಖ್ಯ ಸಂಗತಿ: ಪ್ರಾಚೀನರು ಸೀಸದ ಅದಿರಿನಿಂದ ಬೆಳ್ಳಿ ತೆಗೆಯುತ್ತಿದ್ದರು. ಅದರಲ್ಲಿ ಸ್ವಲ್ಪ ಸೀಸ, ಸ್ವಲ್ಪ ಚಿನ್ನ ಉಳಿದೇ ಉಳಿಯುತ್ತಿತ್ತು. ಚೀಟಿಯಲ್ಲಿ 99.9 ಬೆಳ್ಳಿ ಅಂತ ಬಂದು, ಈ ಎರಡರ ಸುಳಿವೇ ಇಲ್ಲದಿದ್ದರೆ ಖುಷಿಪಡಬೇಡಿ. ಅನುಮಾನಪಡಿ. ಅದು ಈಗಿನ ಕಾರ್ಖಾನೆಯ ಬೆಳ್ಳಿಯಾಗಿರುವ ಸಂಭವ ಹೆಚ್ಚು.

ಸರಿ, ಹಾಗಾದರೆ ಏನು ನೋಡಬೇಕು? ಮೊದಲು ತೂಕ, ಎರಡು ದಶಮಾಂಶದವರೆಗೆ. ಆಮೇಲೆ ಅಂಚು. ಎಲ್ಲರೂ ಮುಖ ನೋಡುತ್ತಾರೆ, ಅಂಚನ್ನು ಯಾರೂ ನೋಡುವುದಿಲ್ಲ. ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಜೋಡಣೆಯ ಗೆರೆಯೋ, ಅದನ್ನು ಅಳಿಸಲು ಅರ ಹಾಕಿದ ಗುರುತೋ ಕಾಣುತ್ತದೆ. ಅಸಲಿ ನಾಣ್ಯಕ್ಕೆ ಸುತ್ತಿಗೆಯ ಏಟು ಬಿದ್ದಿರುತ್ತದೆ. ಅಂಚು ಅಲ್ಲಲ್ಲಿ ಬಿರಿದಿರುತ್ತದೆ, ಅಕ್ಷರಗಳ ಹತ್ತಿರ ಲೋಹ ಹರಿದ ಸಣ್ಣ ಗೆರೆಗಳಿರುತ್ತವೆ. ಎರಕದ್ದರಲ್ಲಿ ಅಕ್ಷರದ ಬದಿಗಳು ಬಳಸಿದ ಸೋಪಿನ ಹಾಗೆ ನುಣ್ಣಗಾಗಿ, ಗಾಳಿಗುಳ್ಳೆಯ ಚುಕ್ಕಿಗಳು ಕಾಣುತ್ತವೆ. ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅವಳಿ ನಾಣ್ಯ. ರೋಮನ್ ಅಚ್ಚುಗಳನ್ನು ಕೈಯಲ್ಲಿ ಕೆತ್ತುತ್ತಿದ್ದರು. ಒಂದೇ ಅಚ್ಚಿನ ಎರಡು ನಾಣ್ಯ ಸಿಗುವುದು ಸಹಜ. ಆದರೆ ಎರಡರಲ್ಲೂ ಅದೇ ಜಾಗದಲ್ಲಿ ಬಳಕೆಯಲ್ಲಿ ಬಿದ್ದ ಅದೇ ಗೀರು, ಅಂಚಿನ ಅದೇ ಬಿರುಕು, ಅದೇ ಸವೆತ ಇರುವುದು ಸಾಧ್ಯವೇ ಇಲ್ಲ. ಇದ್ದರೆ ಒಂದಾದರೂ ನಕಲಿ, ಬಹಳ ಸಲ ಎರಡೂ. ಹೋಲಿಸಿ ನೋಡಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರ ಓಕ್ರೆ ಎಂಬ ಉಚಿತ ಜಾಲತಾಣವಿದೆ. ಚಕ್ರವರ್ತಿಗಳ ಕಾಲದ ನಾಣ್ಯ ಮಾದರಿಗಳು ಚಿತ್ರ ಸಮೇತ ಅಲ್ಲಿವೆ.

ಇನ್ನೊಂದು ಬೇಡಿಕೆ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟು ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಸರಿ. ನಾಣ್ಯದ ಕಪ್ಪು ಪದರದಲ್ಲೇ ಅರ್ಧ ಸಾಕ್ಷಿ ಇರುತ್ತದೆ. ಒರೆಗಲ್ಲಿಗೂ ಇನ್ನೊಮ್ಮೆ ಕೊಡಬೇಡಿ, ಅಂಚು ಸವೆಯುತ್ತದೆ.

ಹೇಗೂ ಇಲ್ಲಿಯವರೆಗೆ ಬಂದಿದ್ದೇವೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ. ರೋಮನರೇ ತಮ್ಮ ನಾಣ್ಯವನ್ನು ಹೇಗೆ ಪರೀಕ್ಷಿಸುತ್ತಿದ್ದರು? ಅದಕ್ಕೇ ಅಂತ ವೃತ್ತಿಯವರಿದ್ದರು. ನೋಡಿ ಸರಿಯೆನಿಸಿದ ನಾಣ್ಯಗಳನ್ನು ಚೀಲಕ್ಕೆ ತುಂಬಿ, ಪರೀಕ್ಷಿಸಿದವನ ಹೆಸರು, ದಿನ ಕೆತ್ತಿದ ಮೂಳೆಯ ಸಣ್ಣ ಪಟ್ಟಿ ಕಟ್ಟುತ್ತಿದ್ದರು. ಅಂಥ ಪಟ್ಟಿಗಳು ಇವತ್ತಿಗೂ ಸಿಕ್ಕಿವೆ. ಕ್ರಿ.ಪೂ. 85ರಲ್ಲಿ ಮಾರಿಯಸ್ ಗ್ರಾಟಿಡಿಯಾನಸ್ ಎಂಬ ಅಧಿಕಾರಿ ನಾಣ್ಯ ಪರೀಕ್ಷೆಯ ಕ್ರಮ ತಂದಾಗ, ಜನ ಬೀದಿಬೀದಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಕಳ್ಳನಾಣ್ಯದಿಂದ ಅವರು ಅಷ್ಟು ಬೇಸತ್ತಿದ್ದರು. ಮುಂದಿನ ಶತಮಾನದ ರೋಮನ್ ಲೇಖಕ ಪ್ಲಿನಿ ಇನ್ನೂ ಸ್ವಾರಸ್ಯದ ಸಂಗತಿ ಬರೆದಿದ್ದಾನೆ: ದೋಷ ಕಲಿಯುವುದಕ್ಕಾಗಿ ಜನ ಒಂದು ಕಳ್ಳ ಡೆನಾರಿಯಸ್ಸನ್ನು ಹಲವು ಅಸಲಿ ಕೊಟ್ಟು ಕೊಳ್ಳುತ್ತಿದ್ದರಂತೆ. ಕಲಿಯುವ ದಾರಿ ಅದೇ. ನೀವೂ ಗೊತ್ತಿರುವ ನಕಲಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ನಮ್ಮ ಕಡೆಯವರೂ ಸುಮ್ನೆ ನಂಬುತ್ತಿರಲಿಲ್ಲ. ಅಗಸ್ಟಸ್, ಟೈಬೀರಿಯಸ್ ಕಾಲದ ಡೆನಾರಿಯಸ್‌ಗಳು ದಕ್ಷಿಣ ಭಾರತದಲ್ಲಿ ಬಹಳ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಭಾರತದಲ್ಲಿ ಸಿಕ್ಕ ಎಷ್ಟೋ ರೋಮನ್ ನಾಣ್ಯಗಳ ಮೇಲೆ ಸಣ್ಣ ಮುದ್ರೆಗಳಿವೆ, ಕೆಲವಕ್ಕೆ ರಾಜನ ಕೆನ್ನೆಯ ಮೇಲೇ ಉಳಿಯ ಏಟು ಬಿದ್ದಿದೆ. ಒಳಗೇನಿದೆ ನೋಡಲು ಹೊಡೆದದ್ದೋ, ನಾಣ್ಯವಾಗಿ ಚಲಾವಣೆ ಆಗದಿರಲಿ ಅಂತ ಹೊಡೆದದ್ದೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಿಮ್ಮ ನಾಣ್ಯದ ಮೇಲೆ ಅಂಥ ಹಳೇ ಗಾಯವಿದ್ದರೆ ತುಂಬಿಸಲು ಹೋಗಬೇಡಿ.

ಮುಂದಿನ ಸಲ ಬರೆಯುವಾಗ ಎರಡೂ ಮುಖದ ಜೊತೆ ಅಂಚಿನ ಫೋಟೋ ಮತ್ತು ತೂಕ ಕಳಿಸಿ. ಎಲ್ಲಿಂದ ಬಂತು ಅಂತಲೂ ತಿಳಿಸಿ. ಮಣ್ಣಿನಲ್ಲಿ ಸಿಕ್ಕಿದ್ದಾದರೆ ನನಗಿಂತ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು, ನಿಧಿ ಕಾಯ್ದೆ ಈಗಲೂ ಜಾರಿಯಲ್ಲಿದೆ.