ಗ್ರೈಂಡರ್‌ನ ಮೂರನೇ ವೈರ್ ಎಲ್ಲಿ ತಪ್ಪಿಹೋಗುತ್ತದೆ?

ಬಾಗಲಕೋಟೆ ಜಿಲ್ಲೆಯ ಇಳಕಲ್ ಅಂದ ಕೂಡಲೇ ಸೀರೆ ನೆನಪಾಗುತ್ತದೆ, ಅಲ್ವಾ? ಅಲ್ಲಿನ ಕೆಂಪು ಗ್ರಾನೈಟಿಗೂ ಅಷ್ಟೇ ಹೆಸರಿದೆ. ಕಲ್ಲು ಕೊಯ್ಯುವಾಗ, ಪಾಲಿಶ್ ಮಾಡುವಾಗ ಬಿಸಿ ಏರಬಾರದು, ಧೂಳು ಏಳಬಾರದು ಅಂತ ನೀರು ಬಿಡುತ್ತಾರೆ. ಒದ್ದೆ ನೆಲ, ಒದ್ದೆ ಕೈ, ಕೈಯಲ್ಲಿ ಗ್ರೈಂಡರ್, ಅಂದರೆ ಕಲ್ಲು ಕೊಯ್ದು ಉಜ್ಜುವ ಕರೆಂಟಿನ ಮಷಿನ್. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು, ಬೇಕೇ ಬೇಕಾಗುವುದು ಇಂಥ ಕಡೆ.

ಕೈಯಲ್ಲಿ ಹಿಡಿಯುವ ಡ್ರಿಲ್ ಮಷಿನ್ನನ್ನು ಜರ್ಮನಿಯ ಫೈನ್ ಕಂಪನಿ 1895ರಲ್ಲಿ ತಯಾರಿಸಿತು. ಪಿಸ್ತೂಲಿನ ಹಿಡಿ ಇರುವ ಡ್ರಿಲ್‌ಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಆಗಿನ ಮಷಿನ್‌ಗಳ ಬಾಡಿ ಲೋಹದ್ದು. ಒಳಗೆ ವೈರ್ ಸವೆದು ಬಾಡಿಗೆ ತಾಗಿದರೆ ಹಿಡಿದವನಿಗೆ ನೇರ 230 ವೋಲ್ಟ್. ಇದಕ್ಕೆ ಕಂಡುಕೊಂಡ ದಾರಿಯೇ ಮೂರನೇ ವೈರ್, ಅಂದರೆ ಅರ್ಥ್ ವೈರ್. ಬಾಡಿಗೆ ಬಂದ ಕರೆಂಟ್ ಅದರಲ್ಲಿ ಜೋರಾಗಿ ಹರಿಯುತ್ತದೆ, ಫ್ಯೂಸ್ ಹಾರುತ್ತದೆ.

ನಮ್ಮ ತ್ರೀ ಪಿನ್ ಪ್ಲಗ್ ಸ್ವಲ್ಪ ಗಮನಿಸಿ ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ದಪ್ಪ ಇರುವುದರಿಂದ ಬೇರೆ ತೂತಿಗೆ ಹೋಗುವುದಿಲ್ಲ. ಉದ್ದ ಇರುವುದರಿಂದ ಚುಚ್ಚುವಾಗ ಮೊದಲು ಅರ್ಥ್ ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಇಷ್ಟು ಯೋಚಿಸಿ ಮಾಡಿದ್ದನ್ನು ನಾವು ಎಕ್ಸ್‌ಟೆನ್ಶನ್ ಬೋರ್ಡಿನಲ್ಲೇ ಹಾಳು ಮಾಡುತ್ತೇವೆ. ಬೋರ್ಡಿಗೆ ಎರಡೇ ಎಳೆಯ ವೈರ್ ಹಾಕಿರುತ್ತಾರೆ. ಇನ್ನು ಕೆಲವರು ಪ್ಲಗ್ಗೇ ಇಲ್ಲದೆ, ಬರಿ ವೈರಿನ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಲೋಹದ ಬಾಡಿಯ ಮಷಿನ್ನಿಗೆ ಹೀಗೆ ಮಾಡುವುದು ಜೀವದ ಜೊತೆ ಆಟ.

ಕಾನೂನು ಇರಲಿಲ್ಲ ಅಂತಲ್ಲ. ಉಪಕರಣದ ಲೋಹದ ಹೊದಿಕೆ ಅರ್ಥ್ ಆಗಿರಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. 2010ರಲ್ಲಿ ಅವುಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು.

ಆದರೆ ಅರ್ಥ್ ವೈರ್ ಇದ್ದರೂ ಸಾಲದ ಸಂದರ್ಭ ಇದೆ. ಕಲ್ಲು ನೆಲದಲ್ಲಿ, ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ, ಅರ್ಥ್ ವೈರ್ ಹೋಗಿ ಸೇರುವ, ಇದ್ದಿಲು ಉಪ್ಪು ಹಾಕಿದ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ) ಜಾಸ್ತಿಯಾಗುತ್ತದೆ. ಅದು 20 ಓಮ್ ಇದ್ದು, ಕರೆಂಟಿಗೆ ಮಣ್ಣೊಂದೇ ದಾರಿಯಾದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿ (ಫ್ಯೂಸ್ ಬದಲು ಹಾಕುವ, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಅದಕ್ಕೆ ಬೀಳುವುದೇ ಇಲ್ಲ! ಮಷಿನ್ ಬಾಡಿಯಲ್ಲಿ ಕರೆಂಟ್ ಹಾಗೇ ಇರುತ್ತದೆ.

ಮನುಷ್ಯ ಎಷ್ಟು ಕರೆಂಟ್ ತಡೆದುಕೊಳ್ಳುತ್ತಾನೆ ಎಂದು ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ನೋಡಿದರು. ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್ ದಾಟಿದರೆ ಹಿಡಿದದ್ದನ್ನು ಬಿಡಲು ಆಗುವುದಿಲ್ಲ, ಹೆಂಗಸರಲ್ಲಿ ಇನ್ನೂ ಕಡಿಮೆಗೇ ಕೈ ಹಿಡಿದುಕೊಳ್ಳುತ್ತದೆ. ಸೋರಿಕೆ ಕಂಡ ಕ್ಷಣ ಕರೆಂಟ್ ಕಡಿಯುವ ಸಾಧನವನ್ನು ಅವರು 1961ರಲ್ಲಿ ರೂಪಿಸಿದರು. ಇವತ್ತು ನಮ್ಮಲ್ಲಿ ಸಿಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಅಷ್ಟು ಸೋರಿದರೆ ಬೀಳುವ ಸ್ವಿಚ್, ಮಾಡುವುದೂ ಅದನ್ನೇ. ಗುಂಡಿಯ ರೆಸಿಸ್ಟೆನ್ಸ್ ಜಾಸ್ತಿ ಇದ್ದರೂ ಅದು ಬೀಳುತ್ತದೆ.

ಪ್ಲಾಸ್ಟಿಕ್ ಬಾಡಿಯ ಹೊಸ ಗ್ರೈಂಡರ್‌ಗೆ ಟು ಪಿನ್ ಯಾಕೆ ಅಂತ ಕೇಳುತ್ತಾರೆ. ಚೌಕದೊಳಗೆ ಚೌಕದ ಗುರುತು ಇದ್ದರೆ ಅದರಲ್ಲಿ ಎರಡು ಪದರ ಇನ್ಸುಲೇಶನ್ ಇದೆ, ಅರ್ಥ್ ಬೇಡ. ಆದರೆ ಒಳಗೆ ನೀರು ಹೋದರೆ ಆ ಲೆಕ್ಕ ತಪ್ಪುತ್ತದೆ. ಹಾಗಾಗಿ ನೀರು ಬಿಟ್ಟು ಕಲ್ಲು ಕೊಯ್ಯುವವರು, ನೀರಿನ ಕೆಲಸಕ್ಕೆಂದೇ ಮಾಡಿದ ಮಷಿನ್ ಕೊಂಡರೂ, ಬೋರ್ಡಿನಲ್ಲಿ ಆರ್‌ಸಿಸಿಬಿ ಹಾಕಿಸಲೇಬೇಕು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಬೇಕು. ಬೀಳದಿದ್ದರೆ ಅವತ್ತೇ ಬದಲಾಯಿಸಿ.