ಹತ್ತಿಯ ನಾರು, ಪ್ಲಾಸ್ಟಿಕ್ ದಾಣಾ, ನಡುವೆ ಒಂದಿಷ್ಟು ನೀರು

ಮುಂಬೈ ಹತ್ತಿರದ ವಸಾಯಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಾರ್ಕಳ ಕಡೆಯವರೊಬ್ಬರ ಮೋಲ್ಡಿಂಗ್ ಶಾಪ್ ಇದೆ. ಮೂರು ಇಂಜೆಕ್ಷನ್ ಮಶೀನು, ಆರು ಜನ ಕೆಲಸದವರು. ಕಳೆದ ಮಳೆಗಾಲದಲ್ಲಿ ಯಾರೋ ಸಪ್ಲೈಯರ್ ಬಂದು ಒಂದು ಚೀಲ ಹೊಸ ನಮೂನೆಯ ದಾಣಾ, ಅಂದರೆ ಕರಗಿಸಿ ಅಚ್ಚಿಗೆ ಹೊಡೆಯುವ ಪ್ಲಾಸ್ಟಿಕ್ ಕಾಳು, ಕೊಟ್ಟು ಹೋಗಿದ್ದ. ಮಾಮೂಲಿ ಪಾಲಿಪ್ರೊಪಿಲೀನಿಗೆ, ಅಂದರೆ ಪಿಪಿಗೆ, ಗಿಡದ ನ್ಯಾನೋ ನಾರು ಸೇರಿಸಿದ ಮಾಲು. ನಾನು ಹೋದ ದಿನ ಅದರಿಂದ ಡಬ್ಬಿ ಮುಚ್ಚಳ ಹೊಡೆದು ಮೇಜಿನ ಮೇಲೆ ಹರಡಿದ್ದರು. ಬಣ್ಣ ಕಂದು. ಮೈಮೇಲೆಲ್ಲ ಬೆಳ್ಳಿ ಗೆರೆ. ಬೆಳಕಿಗೆ ಹಿಡಿದರೆ ಒಳಗೆ ರವೆಯಂಥ ಬಿಳಿ ಚುಕ್ಕೆ. ಮೂಗಿಗೆ ಹಿಡಿದರೆ ಸುಟ್ಟ ಕಾಗದದ ವಾಸನೆ.

"ಇದು ದಾಣಾ ಅಲ್ಲ ಮಾರಾಯ್ರೆ, ಓಲೆಬೆಲ್ಲ" ಎಂದು ಒಂದು ಮುಚ್ಚಳ ಬಗ್ಗಿಸಿದರು. ಟಕ್ ಅಂತ ಮುರಿಯಿತು.

ಚೀಲದ ಜೊತೆ ಬಂದ ಕಾಗದದಲ್ಲಿ ಮಾತ್ರ 'ಉಕ್ಕಿನ ಐದನೇ ಒಂದು ಪಾಲು ತೂಕ, ಐದು ಪಟ್ಟು ಬಲ' ಎಂದಿತ್ತು. ಆ ಮಾತನ್ನು ಸುಳ್ಳು ಅನ್ನುವ ಹಾಗೂ ಇಲ್ಲ. ಅದು ಒಂದೇ ಒಂದು ಎಳೆಯ ಲೆಕ್ಕ. ಅಂಥ ಕೋಟ್ಯಂತರ ಎಳೆಗಳನ್ನು ಪ್ಲಾಸ್ಟಿಕ್ಕಿನೊಳಗೆ ಹೇಗೆ ಇಳಿಸುತ್ತೀರಿ ಅನ್ನುವುದು ಬೇರೆಯೇ ಕತೆ. ಗೊಂದಲ ಬೆಳೆದಿರುವುದೂ ಅಲ್ಲೇ.

ಹತ್ತಿ, ಮರ, ಬಾಳೆದಿಂಡು, ಕಬ್ಬಿನ ಸಿಪ್ಪೆ, ಎಲ್ಲದರಲ್ಲೂ ಗಟ್ಟಿತನ ಕೊಡುವುದು ಸೆಲ್ಯುಲೋಸ್. ಒಂದು ನಾರನ್ನು ಸೀಳುತ್ತಾ ಹೋದರೆ ಒಳಗೆ ಇನ್ನೂ ತೆಳು ಎಳೆ ಸಿಗುತ್ತದೆ. ಅದನ್ನೂ ಸೀಳಿದರೆ ಕೊನೆಗೆ 3-4 ನ್ಯಾನೋಮೀಟರ್ ಅಗಲದ ಎಳೆಯವರೆಗೆ ಹೋಗಬಹುದು. ನಮ್ಮ ತಲೆಗೂದಲು 70,000 ನ್ಯಾನೋಮೀಟರಿನ ಆಸುಪಾಸು ಇರುತ್ತದೆ. ಈ ಎಳೆಯ ಹರಳು ಭಾಗವನ್ನು ಎಳೆದು ಹಿಗ್ಗಿಸಲು ಬೇಕಾಗುವ ಬಲ ಗ್ಲಾಸ್ ಫೈಬರಿಗೆ ಬೇಕಾದದ್ದರ ಸುಮಾರು ಎರಡು ಪಟ್ಟು. ತೂಕವೋ, ಗ್ಲಾಸಿಗಿಂತ ಕಡಿಮೆ. ಆಸೆ ಹುಟ್ಟದೆ ಇರುತ್ತದೆಯೇ?

ಪ್ಲಾಸ್ಟಿಕ್ಕಿಗೆ ಗಿಡ ಬೆರೆಸುವುದು ಹೊಸದೇನಲ್ಲ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಸೆಲ್ಯುಲೋಸನ್ನು ಬೇರ್ಪಡಿಸಿದ, 1907ರಲ್ಲಿ ಬಂದ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಮರದ ಹಿಟ್ಟು ಸೇರಿತು, 1950ರ ಹೊತ್ತಿಗೆ ಸ್ವೀಡನ್ನಿನಲ್ಲಿ ಆಸಿಡ್ ಹಾಕಿ ಸೆಲ್ಯುಲೋಸಿನ ಸೂಕ್ಷ್ಮ ಹರಳು ಬಿಡಿಸಿದ್ದಾಯಿತು. ಅಜ್ಜನ ಮನೆಯ ಗೋಡೆಯ ಕಪ್ಪು ಸ್ವಿಚ್ಚು ನೆನಪಿದೆಯಲ್ವಾ? ಅದರೊಳಗೂ ಮರದ ಪುಡಿ ಇದ್ದಿರಬಹುದು.

ನ್ಯಾನೋ ಮಾತು ನಿಜಕ್ಕೂ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ. ಐಟಿಟಿ ರೇಯೋನಿಯರ್ ಕಂಪನಿಯ ಲ್ಯಾಬಿನಲ್ಲಿ ಟರ್ಬಾಕ್ ಮತ್ತು ಜೊತೆಗಾರರು ಮರದ ತಿರುಳನ್ನು ನೀರಲ್ಲಿ ಕಲಸಿ, ಹಾಲಿನ ಡೈರಿಯಲ್ಲಿ ಇರುವಂಥ ಹೋಮೋಜೆನೈಸರಿಗೆ ಹಾಕಿದರು. ಸಣ್ಣ ಸಂದಿಯಲ್ಲಿ ಭಾರೀ ಒತ್ತಡಕ್ಕೆ ಸಿಕ್ಕ ನಾರು ಬಿಚ್ಚಿಕೊಂಡು ಗಂಜಿಯಂಥ ಜೆಲ್ ಬಂತು. ಮಾಲು ಚೆನ್ನಾಗಿತ್ತು. ಕರೆಂಟ್ ಬಿಲ್ ಚೆನ್ನಾಗಿರಲಿಲ್ಲ. ಒಂದು ಟನ್ನಿಗೆ 25,000 ಯೂನಿಟ್ಟಿಗೂ ಜಾಸ್ತಿ ಎಂಬ ಲೆಕ್ಕ ಆಗಿನ ವಿಧಾನದ ಬಗ್ಗೆ ಇವತ್ತಿಗೂ ಓಡಾಡುತ್ತದೆ. ಹಾಗಾಗಿ ಆ ಕತೆ ವರ್ಷಗಟ್ಟಲೆ ತಣ್ಣಗಾಯಿತು. ಮುಂದೆ ಎನ್ಜೈಮಿನಿಂದ ನಾರನ್ನು ಮೊದಲೇ ಸಡಿಲಿಸುವ ದಾರಿ ಬಂತು. 2006ರ ಹೊತ್ತಿಗೆ ಟೋಕಿಯೋ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯಿ ಅವರ ತಂಡ 'ಟೆಂಪೋ' ಎಂಬ ರಾಸಾಯನಿಕದಿಂದ ಎಳೆಗಳು ಒಂದನ್ನೊಂದು ದೂರ ತಳ್ಳುವ ಹಾಗೆ ಮಾಡಿತು. ಕರೆಂಟಿನ ಖರ್ಚು ಹತ್ತನೇ ಒಂದು ಪಾಲಿಗೂ ಕೆಳಗಿಳಿಯಿತು.

ಇದೆಲ್ಲ ನಾರು ತೆಗೆಯುವ ಕತೆ. ಅದನ್ನು ಪ್ಲಾಸ್ಟಿಕ್ಕಿಗೆ ಸೇರಿಸುವ ಕತೆ 1995ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಶುರುವಾಗುತ್ತದೆ. ನನ್ನ ಪ್ರಕಾರ ಅಸಲಿ ವಿಷಯ ಇರುವುದು ಇಲ್ಲೇ, ಜನ ಹಾರಿಸಿ ಓದುವುದೂ ಇದನ್ನೇ.

ಫಾವಿಯೇ, ಶಾಂಜಿ, ಕವಾಯೇ ಎಂಬ ಸಂಶೋಧಕರು ಟ್ಯೂನಿಕೇಟ್ ಎಂಬ ಸಮುದ್ರಜೀವಿಯಿಂದ ಸೆಲ್ಯುಲೋಸ್ ಹರಳು ತೆಗೆದರು. (ಹೌದು, ಪ್ರಾಣಿಯೇ. ಸೆಲ್ಯುಲೋಸ್ ತಯಾರಿಸುವ ಪ್ರಾಣಿ ಅದೊಂದೇ ಬಗೆ.) ಅದನ್ನು ಲೇಟೆಕ್ಸಿಗೆ, ಅಂದರೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣ ತೇಲುವ ಹಾಲಿನಂಥ ನೀರಿಗೆ, ಬೆರೆಸಿ, ತಟ್ಟೆಗೆ ಹೊಯ್ದು, ನಿಧಾನವಾಗಿ ನೀರು ಆರಲು ಬಿಟ್ಟರು. ತೂಕದಲ್ಲಿ ಬರೇ 6 ಶೇಕಡ ಸೇರಿಸಿದ್ದಕ್ಕೆ, ಬಿಸಿಯಲ್ಲಿ ಮೆತ್ತಗಾಗಿರಬೇಕಿದ್ದ ಆ ಹಾಳೆ ನೂರು ಪಟ್ಟಿಗೂ ಜಾಸ್ತಿ ಬಿರುಸಾಗಿತ್ತು. ಎಳೆಗಳು ಒಂದಕ್ಕೊಂದು ಕೈಹಿಡಿದು ಮೀನುಬಲೆಯ ಹಾಗೆ ಕೂತದ್ದೇ ಅದಕ್ಕೆ ಕಾರಣ.

ಮರುವರ್ಷ ಫ್ರಾನ್ಸಿನಲ್ಲೇ ಇನ್ನೊಂದು ಪ್ರಯೋಗ ನಡೆಯಿತು. ಅದೇ ಲೇಟೆಕ್ಸ್, ಅದೇ ಹರಳು. ತಯಾರಿ ಮಾತ್ರ ಮೂರು ಬಗೆ: ತಟ್ಟೆಯಲ್ಲಿ ಆರಿಸಿದ್ದು ಒಂದು, ಒಣಗಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದ್ದು ಇನ್ನೊಂದು, ಎಕ್ಸ್‌ಟ್ರೂಡರಿನಲ್ಲಿ (ಪ್ಲಾಸ್ಟಿಕ್ಕನ್ನು ಕರಗಿಸಿ ಸ್ಕ್ರೂನಿಂದ ಹೊರಗೆ ತಳ್ಳುವ ಮಶೀನು) ತಿರುಗಿಸಿ ಆಮೇಲೆ ಒತ್ತಿದ್ದು ಮತ್ತೊಂದು. ಆರಿಸಿದ್ದು ಎಲ್ಲಕ್ಕಿಂತ ಗಟ್ಟಿ, ಪ್ರೆಸ್ಸಿನದ್ದು ನಡುವೆ, ಎಕ್ಸ್‌ಟ್ರೂಡರಿನದ್ದು ಕೊನೆಗೆ. ನಮ್ಮ ಅಡುಗೆಮನೆಯಲ್ಲಿ ಇದು ಗೊತ್ತಿರುವ ಸಂಗತಿಯೇ. ಒಂದೇ ಅಕ್ಕಿ ಹಿಟ್ಟನ್ನು ಚಾಪೆ ಮೇಲೆ ಬಿಸಿಲಿಗಿಟ್ಟರೆ ಸಂಡಿಗೆ, ಒರಳಲ್ಲಿ ಒತ್ತಿದರೆ ಚಕ್ಕುಲಿ. ಚಕ್ಕುಲಿ ಯಾಕೆ ಸಂಡಿಗೆಯ ಹಾಗಿಲ್ಲ ಎಂದು ಯಾರೂ ಕೇಳುವುದಿಲ್ಲ.

ನಿಧಾನಕ್ಕೆ ನೀರು ಆರುವಾಗ ಎಳೆಗಳಿಗೆ ಪುರುಸೊತ್ತು ಇರುತ್ತದೆ. ಒಂದನ್ನೊಂದು ಹುಡುಕಿ ಅಂಟಿಕೊಳ್ಳುತ್ತವೆ. ಎಕ್ಸ್‌ಟ್ರೂಡರಿನ ಸ್ಕ್ರೂ ಆ ಪುರುಸೊತ್ತು ಕೊಡುವುದಿಲ್ಲ. ಬಲೆ ಹರಿಯುತ್ತದೆ, ಉದ್ದದ ಎಳೆ ತುಂಡಾಗುತ್ತದೆ, ಉಳಿದದ್ದು ಹರಿವಿನ ದಿಕ್ಕಿಗೆ ತಿರುಗಿ ಮಲಗುತ್ತದೆ. ಆದರೆ ತಟ್ಟೆಯಲ್ಲಿ ಒಂದು ಹಾಳೆ ಆರಲು ದಿನಗಳು ಬೇಕು, ಎಕ್ಸ್‌ಟ್ರೂಡರ್ ಗಂಟೆಗೆ ನೂರಾರು ಕಿಲೋ ದಾಣಾ ಉಗುಳುತ್ತದೆ. ಹೀಗಾಗಿ ಹೆಸರು ಮಾಡಿದ್ದು ಹಾಳೆ, ಮಾರಾಟಕ್ಕೆ ಬಂದದ್ದು ದಾಣಾ. ಹಾಳೆಯ ಅಂಕಿಯನ್ನು ದಾಣಾದ ಚೀಲದ ಮೇಲೆ ಅಂಟಿಸುವ ಅಭ್ಯಾಸ ಯಾವಾಗ ಶುರುವಾಯಿತೋ. ಯಾರೂ ಬೇಕಂತಲೇ ಮಾಡಿರಲಿಕ್ಕಿಲ್ಲ. ಆದರೆ ಚೀಲ ತೆರೆಯುವವನಿಗೆ ಎರಡೂ ಒಂದೇ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ತಲೆನೋವು ನೀರಿನದ್ದು. ನ್ಯಾನೋ ನಾರು ಹುಟ್ಟುವುದೇ ನೀರಲ್ಲಿ. 2 ಶೇಕಡ ಜೆಲ್ ಅಂದರೆ 2 ಕಿಲೋ ನಾರಿಗೆ 98 ಕಿಲೋ ನೀರು. ಪಿಪಿಗೋ ನೀರೆಂದರೆ ಆಗುವುದಿಲ್ಲ. ಸರಿ, ಒಣಗಿಸೋಣ ಅಂದರೆ ಎಳೆಗಳು ತಮ್ಮೊಳಗೇ ಅಂಟಿಕೊಂಡು ಬಿಡುತ್ತವೆ. ತಟ್ಟೆಯ ಅಂಚಲ್ಲಿ ಒಣಗಿದ ಅನ್ನದ ಅಗುಳನ್ನು ಎಷ್ಟು ನೆನೆಸಿದರೂ ಮೊದಲಿನ ಅನ್ನ ಆಗುವುದಿಲ್ಲವಲ್ಲ, ಹಾಗೆ. ಒವನಿನಲ್ಲಿ ಒಣಗಿಸಿದರೆ ಕಲ್ಲಿನಂಥ ಗಂಟು. ಹಾಲಿನ ಪುಡಿ ಮಾಡುವ ರೀತಿ ಸ್ಪ್ರೇ ಮಾಡಿದರೆ ಉಂಡೆಯಾದ ಪುಡಿ. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದರೆ ಅರಳೆಯಂಥ ಹಗುರ ಪದರ, ದುಡ್ಡು ಮಾತ್ರ ಹಗುರ ಅಲ್ಲ. ಪುಡಿಯಾದ ಮೇಲೆ ಅದು ನ್ಯಾನೋ ಎಳೆ ಅಲ್ಲ, ಎಳೆಗಳ ಮುದ್ದೆ. ಆ ಮುದ್ದೆ ಪ್ಲಾಸ್ಟಿಕ್ಕಿನಲ್ಲಿ ಬಲ ಕೊಡುವುದಿಲ್ಲ, ಬಿರುಕಿಗೆ ಜಾಗ ಕೊಡುತ್ತದೆ. ಮ್ಯಾಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಸೇರಿಸಿದ ಪಿಪಿಯನ್ನು ಸ್ವಲ್ಪ ಹಾಕಿದರೆ ನಾರಿಗೂ ಪಿಪಿಗೂ ಹೊಂದಿಕೆ ಬರುತ್ತದೆ, ನಿಜ. ಗಂಟು ಬಿಡಿಸಲು ಅದರಿಂದಾಗುವುದಿಲ್ಲ.

ಒಣಗಿಸುವ ಗೋಜೇ ಬೇಡ, ಜೆಲ್ಲನ್ನು ನೇರವಾಗಿ ಎಕ್ಸ್‌ಟ್ರೂಡರಿಗೆ ಪಂಪ್ ಮಾಡಿ ಆವಿಯನ್ನು ವೆಂಟಿನಿಂದ ಬಿಡೋಣ ಎಂದು ಕೆಲವರು ಹೊರಟರು. ಕೆಲಸವೂ ಆಯಿತು. ಆದರೆ ಗಿಡದ ಸಕ್ಕರೆಯಿಂದ ಮಾಡುವ ಪಿಎಲ್‌ಎಯಂಥ ಪ್ಲಾಸ್ಟಿಕ್ಕು ಬಿಸಿಯಲ್ಲಿ ನೀರು ಸಿಕ್ಕರೆ ತಾನೇ ಮುರಿದುಕೊಳ್ಳುತ್ತದೆ.

ಬಿಸಿಯ ಲೆಕ್ಕವೂ ಇದೆ. ಸೆಲ್ಯುಲೋಸ್ 200 ಡಿಗ್ರಿ ದಾಟಿದರೆ ಕೆಂಪೇರಲು ಶುರು. ಸಲ್ಫ್ಯೂರಿಕ್ ಆಸಿಡಿನಲ್ಲಿ ತೆಗೆದ ಹರಳಾದರೆ ಅದಕ್ಕೂ ಮೊದಲೇ ಸುಡುತ್ತದೆ, ಯಾಕೆಂದರೆ ಆಸಿಡಿನ ಅಂಶ ಮೈಗೆ ಅಂಟಿರುತ್ತದೆ. ಪಿಪಿ ಕರಗುವುದು 165ರ ಹತ್ತಿರ, ಹಾಗಾಗಿ ಅಲ್ಲಿ ಜಾಗ ಇದೆ. ನೈಲಾನ್ 6 ಕರಗುವುದೇ 220ಕ್ಕೆ, ಅಲ್ಲಿ ಪರದಾಟ. ಇನ್ನೊಂದು, ಸ್ಕ್ರೂ ತಿರುಗುವ ಕೊಳವೆಗೆ ಬ್ಯಾರಲ್ ಅನ್ನುತ್ತಾರೆ, ಮೀಟರ್ ತೋರಿಸುವುದು ಆ ಬ್ಯಾರಲಿನ ಬಿಸಿ. ಸ್ಕ್ರೂ ಜೋರಾಗಿ ತಿರುಗಿದರೆ ಉಜ್ಜಾಟಕ್ಕೇ ಒಳಗಿನ ಮಾಲು ಇನ್ನೂ ಕಾಯುತ್ತದೆ. ಚೆನ್ನಾಗಿ ಬೆರೆಯಲಿ ಎಂದು ಸ್ಪೀಡ್ ಏರಿಸಿದವರು ಸುಟ್ಟುಕೊಂಡದ್ದು ಹೀಗೆ.

ಇಷ್ಟಾದ ಮೇಲೆ ಕ್ಯೋಟೋ ವಿಶ್ವವಿದ್ಯಾಲಯದ ಹಿರೋಯುಕಿ ಯಾನೊ ಅವರ ಕಡೆಯವರು ಲೆಕ್ಕವನ್ನೇ ತಿರುಗಿಸಿದರು. ಮೊದಲು ನ್ಯಾನೋ ಮಾಡಿ ಆಮೇಲೆ ಬೆರೆಸುವುದು ಯಾಕೆ? ಕಾಗದದ ತಿರುಳಿಗೇ ರಾಸಾಯನಿಕವಾಗಿ ಎಣ್ಣೆಗುಣ ಹಚ್ಚಿ, ಹಾಗೇ ಟ್ವಿನ್ ಸ್ಕ್ರೂಗೆ, ಅಂದರೆ ಎರಡು ಸ್ಕ್ರೂ ಇರುವ ಎಕ್ಸ್‌ಟ್ರೂಡರಿಗೆ, ಹಾಕಿದರೆ, ಕರಗಿದ ಪ್ಲಾಸ್ಟಿಕ್ಕಿನೊಳಗೆ ಸ್ಕ್ರೂವೇ ಅದನ್ನು ಸೀಳಿಕೊಳ್ಳುತ್ತದೆ. ಎಲ್ಲರೂ ಬೈಯುತ್ತಿದ್ದ ಸ್ಕ್ರೂಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಇದಕ್ಕೆ ಕ್ಯೋಟೋ ಪ್ರೋಸೆಸ್ ಎಂದೇ ಹೆಸರು. 2019ರ ಟೋಕಿಯೋ ಮೋಟಾರ್ ಶೋದಲ್ಲಿ ನ್ಯಾನೋ ಸೆಲ್ಯುಲೋಸಿನ ಭಾಗಗಳಿದ್ದ ಕಾರನ್ನೂ ನಿಲ್ಲಿಸಿದರು. ಅದಕ್ಕೂ ಮೊದಲು, 2018ರಲ್ಲಿ, ಏಸಿಕ್ಸ್ ಕಂಪನಿ ಒಂದು ಓಟದ ಬೂಟಿನ ಅಡಿಭಾಗದ ಫೋಮಿಗೆ ಇದನ್ನು ಸೇರಿಸಿತ್ತು.

ನಮ್ಮೂರಿನ ಕತೆಗೆ ಬರೋಣ. ಮುಂಬೈ ಕನ್ನಡಿಗರಿಗೆ ಮಾಟುಂಗಾ ಅಂದರೆ ಮೈಸೂರು ಅಸೋಸಿಯೇಶನ್, ಉಡುಪಿ ಹೋಟೆಲು, ಬಾಳೆ ಎಲೆ ಊಟ. ಅದೇ ಮಾಟುಂಗಾದಲ್ಲಿ 1924ರಿಂದ ಹತ್ತಿಯ ಸಂಶೋಧನೆ ಮಾಡುತ್ತಿರುವ ಸಿರ್ಕಾಟ್ ಸಂಸ್ಥೆ ಇದೆ. ಜಿನ್ನಿಂಗ್ ಆದ ಮೇಲೂ ಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ಅರಳೆಯಿಂದ, ಅಂದರೆ ಲಿಂಟರಿನಿಂದ, ನ್ಯಾನೋ ಸೆಲ್ಯುಲೋಸ್ ತೆಗೆಯುವ ಕೆಲಸ ಅಲ್ಲಿ ನಡೆದಿದೆ, ಪೈಲಟ್ ಪ್ಲಾಂಟೂ ಇದೆ. ಹತ್ತಿರದಲ್ಲೇ 1933ರಲ್ಲಿ ಶುರುವಾದ, ಹಳಬರು ಇನ್ನೂ ಯುಡಿಸಿಟಿ ಎಂದೇ ಕರೆಯುವ ಐಸಿಟಿ ಎಂಬ ಕೆಮಿಕಲ್ ಟೆಕ್ನಾಲಜಿ ಸಂಸ್ಥೆ. ಅಲ್ಲಿ ಪಾಲಿಮರ್ ಕಲಿಸುತ್ತಾರೆ. ನಾರು ಬಲ್ಲವರೂ ಪ್ಲಾಸ್ಟಿಕ್ ಬಲ್ಲವರೂ ಒಂದೇ ಪೇಟೆಯಲ್ಲಿ ಇದ್ದಾರೆ. ವಸಾಯಿ, ಭಾಂಡುಪದ ಮಶೀನುಗಳು ಲೋಕಲ್ ಟ್ರೇನಿನಷ್ಟೇ ದೂರ. ಆ ದೂರ ಮಾತ್ರ ಅಷ್ಟು ಸುಲಭಕ್ಕೆ ಕಳೆಯುತ್ತಿಲ್ಲ.

ಮಾರ್ಚ್ 2018ರಲ್ಲಿ ಮಹಾರಾಷ್ಟ್ರದ ಪ್ಲಾಸ್ಟಿಕ್ ನಿಷೇಧ ಬಂತು, ಜುಲೈ 1, 2022ರಿಂದ ದೇಶದಾದ್ಯಂತ ಒಂದೇ ಸಲ ಬಳಸುವ ಹಲವು ಸಾಮಾನುಗಳು ಬಂದಾದವು. ಅಲ್ಲಿಂದ ಮೇಲೆ ಗಿಡದ ಹೆಸರಿರುವ ಯಾವ ಚೀಲಕ್ಕೂ ಬೆಲೆ ಬಂದಿದೆ. ಆದರೆ 5 ಶೇಕಡ ನಾರು ಹಾಕಿದ ಪಿಪಿ ಮಣ್ಣಲ್ಲಿ ಕರಗುವುದಿಲ್ಲ, ಅದು ಪಿಪಿಯೇ. ಕಡಿಮೆ ಪ್ಲಾಸ್ಟಿಕ್ಕಿನಲ್ಲಿ ಅಷ್ಟೇ ಗಟ್ಟಿ ಸಾಮಾನು ಮಾಡಬಹುದು ಅನ್ನುವುದು ಅದರ ನಿಜವಾದ ಗುಣ. ಅದೂ ತಯಾರಿ ಸರಿಯಿದ್ದರೆ.

ವಸಾಯಿಗೆ ಎರಡನೇ ಸಲ ಹೋದಾಗ ಟ್ರಯಲ್ ಮತ್ತೆ ನಡೆದಿತ್ತು. ಪಿಪಿಯನ್ನು ಯಾರೂ ಒಣಗಿಸಿ ಹಾಕುವುದಿಲ್ಲ, ಚೀಲ ಹರಿದು ಹಾಪರಿಗೆ ಸುರಿಯುವುದು ರೂಢಿ. ಮಳೆಗಾಲದ ವಸಾಯಿಯಲ್ಲಿ ಬಾಯಿ ತೆರೆದಿಟ್ಟ ಚೀಲದೊಳಗಿನ ನಾರು ಗಾಳಿಯ ತೇವ ಕುಡಿದಿತ್ತು, ಬ್ಯಾರಲಿನಲ್ಲಿ ಅದು ಆವಿಯಾಗಿ ಬೆಳ್ಳಿ ಗೆರೆ ಬಿಡಿಸಿತ್ತು. ಈ ಸಲ ನಾಲ್ಕು ಗಂಟೆ ಡ್ರೈಯರಿನಲ್ಲಿ ಇಟ್ಟಿದ್ದರು. ಗೆರೆ ಹೋಗಿತ್ತು. ಮೊದಲು ಅಭ್ಯಾಸದ 225ರಲ್ಲಿ ಓಡಿಸಿದ್ದ ಬ್ಯಾರಲನ್ನು 185ಕ್ಕೆ ಇಳಿಸಿ, ಸ್ಕ್ರೂ ನಿಧಾನ ಮಾಡಿದ್ದರು. ಕಂದು ಬಣ್ಣ ತಿಳಿ ಚಹಾದ ಬಣ್ಣಕ್ಕೆ ಬಂದಿತ್ತು.

ರವೆ ಚುಕ್ಕೆ ಹಾಗೇ ಇತ್ತು. "ಇದಕ್ಕೆ ಏನು ತಿರುಗಿಸಬೇಕು ಹೇಳಿ" ಎಂದು ಪ್ಯಾನಲ್ ತೋರಿಸಿದರು. ಆ ಗಂಟು ಕಟ್ಟಿದ್ದು ಬೇರೆಲ್ಲೋ, ನಾರಿನ ನೀರು ತೆಗೆದ ದಿನ ಎಂದೆ. ಅವರು ತಲೆಯಾಡಿಸಿ, ಉಳಿದ ಅರ್ಧ ಚೀಲಕ್ಕೆ ಕಪ್ಪು ಮಾಸ್ಟರ್‌ಬ್ಯಾಚ್, ಅಂದರೆ ಬಣ್ಣದ ದಾಣಾ, ಕಲಸಲು ಹುಡುಗನಿಗೆ ಹೇಳಿದರು. ಹೂಕುಂಡಕ್ಕೆ ನಡೆಯುತ್ತದಂತೆ.